ಬೀಗಕ್ಕೆ ಇಟ್ಟ ಹೆಸರು

ವಿಶ್ವವಿದ್ಯಾಲಯದವರ ಆ ವರ್ಷದ ವರದಿಯಲ್ಲಿ ನಮ್ಮ ಬಗ್ಗೆ ಇರುವುದು ಒಂದೇ ಸಾಲು: ಚಳ್ಳಕೆರೆಯ ಗೃಹಿಣಿಯರಲ್ಲಿ ಸೈಬರ್ ಸುರಕ್ಷತೆಯ ಅರಿವು ಮೂಡಿಸಲಾಯಿತು. ಪಕ್ಕದಲ್ಲೊಂದು ಫೋಟೊ. ಮುಂದಿನ ಸಾಲಿನಲ್ಲಿ ಕಾಸಗಲ ಕುಂಕುಮ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತವಳು ನಾನು. ಫೋಟೊದವನು ರೆಡಿ ಅಂದಾಗ ಗುಡಿಯ ಅಮ್ಮನವರನ್ನು ನೆನೆದೆ, ಕಣ್ಣು ತಾನಾಗಿ ಮುಚ್ಚಿತು. ಆ ಪುಟ ಕಣ್ಣಿಗೆ ಬಿದ್ದಾಗಲೆಲ್ಲ ನಮ್ಮನೆಯವರು, ಇದು ಅರಿವು ಮೂಡುವುದಕ್ಕೆ ಮೊದಲು ತೆಗೆದದ್ದೋ ಮೂಡಿದ ಮೇಲೆ ತೆಗೆದದ್ದೋ ಎಂದು ಕೇಳುತ್ತಾರೆ.

ಅರಿವು ಮೂಡಿದ್ದೇನೋ ನಿಜ. ಹೇಗೆ ಮೂಡಿತು ಅನ್ನುವುದನ್ನು ವರದಿಯವರು ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ನಮ್ಮ ಭಜನಾ ಮಂಡಳಿಯ ಮೇಲೆ ದೇವರು ತೋರಿದ ದಯೆ. ಈಗ ಕಾಲ ಸರಿದಿದೆ, ನಗುವವರು ನಕ್ಕು ಮುಗಿಸಿದ್ದಾರೆ. ಹಾಗಾಗಿ ನಾನೇ ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಎಂಟೊಂಬತ್ತು ವರ್ಷ ಆಗಿದ್ದ ಕಾಲ. ಕುದಾಪುರದ ಹುಲ್ಲುಗಾವಲಿಗೆ ದೊಡ್ಡ ದೊಡ್ಡ ವಿಜ್ಞಾನದ ಸಂಸ್ಥೆಗಳು ಬರುತ್ತವೆ ಎಂಬ ಸುದ್ದಿ ಹಬ್ಬಿ, ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ಸೈಟಿನ ಮಾತು, ಬಾಡಿಗೆಯ ಮಾತು. ನಮ್ಮನೆಯವರು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ವಿಜ್ಞಾನಿಗಳಿಗೆ ಬಾಡಿಗೆಗೆ ಕೊಡೋಣ ಎಂದು ಮಾಳಿಗೆಯ ಮೇಲೊಂದು ಕೋಣೆ ಕಟ್ಟಿಸಿದರು. ವಿಜ್ಞಾನಿಗಳು ಬರಲಿಲ್ಲ. ಬಂದವಳು ದಪ್ಪ ಕನ್ನಡಕದ ಒಬ್ಬ ಹುಡುಗಿ. ವಿಶ್ವವಿದ್ಯಾಲಯದ ಸೈಬರ್ ಸುರಕ್ಷತಾ ತಂಡದವಳು. ಒಂದು ವರ್ಷ ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಓಡಾಡಿ, ಕಂಪ್ಯೂಟರಿಗೆ ಬರುವ ಕಳ್ಳರಿಂದ ಜೋಪಾನವಾಗಿರುವುದನ್ನು ಜನರಿಗೆ ಕಲಿಸುವುದು ಅವಳ ಕೆಲಸ. ನಮ್ಮ ಬೀದಿಯಲ್ಲಿ ಆಗ ಕಂಪ್ಯೂಟರ್ ಇದ್ದ ಮನೆ ಒಂದೂ ಇರಲಿಲ್ಲ.

ನಮ್ಮನೆಯವರು ಅವಳಿಗೆ ಹೇಳಿದರು: “ನೋಡವ್ವ, ಮೊದ್ಲು ಎಮ್ಮೆ ಕೊಡ್ಸು. ಹಗ್ಗ ಕಟ್ಟೋದು ಆಮೇಲೆ ಕಲ್ಸುವಂತೆ.”

ಎಮ್ಮೆಯೂ ಬರ್ತಿದೆ ಅಂಕಲ್ ಎಂದಳು ಹುಡುಗಿ. ಬಂತು ಕೂಡ. ಸೀರೆಯ ಅಂಚು, ಸೆರಗಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸಾಧನ ಮಾಡುವ ಬೆಂಗಳೂರಿನ ಕಂಪನಿಯೊಂದು ಈ ತಂಡದ ಜೊತೆ ಕೈಜೋಡಿಸಿತ್ತು. ಕಂಪ್ಯೂಟರುಗಳು ಕಂಪನಿಯವು, ಕಲಿಸುವುದು ತಂಡದವರು. ಕಲಿತವರು ಮೊಳಕಾಲ್ಮುರು ಸೀರೆಗೆ ಹೊಸ ಚಿತ್ರ ಬರೆದು ಅದರಲ್ಲಿ ಜೋಪಾನವಾಗಿ ಇಡಬೇಕು. ವರ್ಷದ ಕೊನೆಗೆ ಕಂಪನಿಯವರೇ ಕಳ್ಳರಂತೆ ಬಂದು ಪರೀಕ್ಷೆ ಮಾಡುತ್ತಾರೆ. ಚಿತ್ರಗಳು ಕಳ್ಳರ ಕೈಗೆ ಸಿಗದಿದ್ದರೆ ಕಂಪ್ಯೂಟರುಗಳು ಮೊಳಕಾಲ್ಮುರಿನ ನೇಕಾರರ ಓಣಿಗೆ ಹೋಗಿ ಅಲ್ಲೇ ನೆಲೆಯೂರುತ್ತವೆ. ಸಿಕ್ಕಿದರೆ ಬಂದ ವ್ಯಾನಿನಲ್ಲೇ ವಾಪಸ್ಸು.

ಅಲ್ಲಿಯ ಓಣಿಯಲ್ಲಿ ಆಗ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಹಾಗಾಗಿ ತಂಡದವರು ಮೊದಲ ವರ್ಷಕ್ಕೆ ಚಳ್ಳಕೆರೆಯಲ್ಲೇ ಜಾಗ ಹುಡುಕಿದರು. ಅಮ್ಮನ ಗುಡಿಯ ಹಿಂದಿನ ಭಜನೆ ಹಾಲಿನಲ್ಲಿ ಫ್ಯಾನಿತ್ತು, ಜಮಖಾನವಿತ್ತು, ಶನಿವಾರ ಸಂಜೆ ಭಜನೆ ಮುಗಿಸಿ ಎದ್ದು ಹೋಗಲು ಮನಸ್ಸಿಲ್ಲದ ಹೆಂಗಸರೂ ಇದ್ದರು. ತರಗತಿಗೆ ಇನ್ನೇನು ಬೇಕು? ನಮ್ಮನ್ನು ಯಾರೂ ಆರಿಸಲಿಲ್ಲ. ಕೂತಿದ್ದೆವು, ಹಾಗೇ ವಿದ್ಯಾರ್ಥಿಗಳಾದೆವು.

ನಾನು ಹೋಗಿದ್ದು ಮನೆಯಲ್ಲಿರುವ ಹುಡುಗಿಗೆ ಬೇಜಾರಾಗಬಾರದು ಎಂದು. ಉಳಿದವರು ಹೋಗಿದ್ದು ನಾನು ಹೋದೆ ಎಂದು. ನಿಜವಾಗಿ ಬೇಕಾಗಿ ಬಂದವಳು ಒಬ್ಬಳೇ, ನನ್ನ ತಂಗಿ.

ಅವಳನ್ನು ಮೊಳಕಾಲ್ಮುರಿಗೆ ಕೊಟ್ಟಿದ್ದೆವು. ಅವಳ ಗಂಡ ಮಗ್ಗದಲ್ಲಿ ಕೂರುವವನು, ಅಂಚಿನ ಚಿತ್ರ ಬರೆಯುವವಳು ಅವಳು. ಚಿಕ್ಕವಳಿದ್ದಾಗ ನಮ್ಮವ್ವನ ಅಡುಗೆಮನೆಯ ಗೋಡೆಯನ್ನೆಲ್ಲ ಇದ್ದಿಲಿನಿಂದ ಗೀಚಿ ಬೈಸಿಕೊಂಡ ಕೈ ಅದು. ಮದುವೆಯಾದ ಮೇಲೆ ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಮಾವಿನಕಾಯಿ, ನವಿಲು, ರುದ್ರಾಕ್ಷಿ ಬಿಡಿಸುತ್ತಿದ್ದಳು. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುವವರು ಬೇರೆ. ಆ ರಟ್ಟು ಮಗ್ಗದ ಮೇಲೆ ಕೂತರೆ ಅಂಚು ತಾನಾಗಿ ಸೀರೆಗೆ ಇಳಿಯುತ್ತದೆ. ಒಂದು ಸಲ ಅವಳು ತಿಂಗಳುಗಟ್ಟಲೆ ಯೋಚಿಸಿ ಒಂದು ಅಂಚು ಬರೆದಳು, ಎರಡು ಗಿಳಿ ಒಂದೇ ಜೋಳದ ತೆನೆಯನ್ನು ಕಚ್ಚಿಕೊಂಡಿರುವುದು. ಗಂಡನ ಸೀರೆ ಇನ್ನೂ ಮಗ್ಗದಿಂದ ಇಳಿದಿರಲಿಲ್ಲ, ಅಷ್ಟರಲ್ಲಿ ಗಡಿಯಾಚೆ ರಾಯದುರ್ಗದ ಯಾವುದೋ ಅಂಗಡಿಯಲ್ಲಿ ಅದೇ ಗಿಳಿ, ಅದೇ ತೆನೆ ತೂಗುತ್ತಿದ್ದವು. ಹಾಳೆ ಯಾರ ಕೈಯಿಂದ ಯಾರ ಕೈಗೆ ಹೋಯಿತೋ ದೇವರಿಗೇ ಗೊತ್ತು. ಅವಳು ಯಾರನ್ನೂ ಬೈಯಲಿಲ್ಲ, ಪೆನ್ಸಿಲ್ ಎತ್ತಿಟ್ಟುಬಿಟ್ಟಳು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಮನೆಗೆ ಬಂದರೆ ಸುಮ್ಮನೆ ಅಕ್ಕಿ ಆರಿಸುತ್ತಾ ಕೂರುತ್ತಿದ್ದಳು. ನಾನು ಅವಳ ಹೆಸರಲ್ಲಿ ಮಂಗಳವಾರದ ಒಪ್ಪತ್ತು ಹಿಡಿದದ್ದು ಆಗಲೇ.

ಇಂಥವಳಿಗೆ ಮಾಳಿಗೆಯ ಹುಡುಗಿ, ನೀವು ಬರೆದದ್ದನ್ನು ನಿಮ್ಮ ಹೊರತು ಯಾರೂ ತೆಗೆಯಲಾಗದ ಪೆಟ್ಟಿಗೆ ಒಂದಿದೆ ಎಂದಳು. ತಂಗಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು.

ಅಂದಿನಿಂದ ಪ್ರತಿ ಶನಿವಾರ ದೇವಸಮುದ್ರದ ಕಡೆಯಿಂದ ಬರುವ ಕುರಿಮಂದೆಗಳನ್ನು ದಾಟಿಕೊಂಡು, ನಿಂತ ಬಸ್ಸನ್ನು ಬೈದುಕೊಂಡು ಚಳ್ಳಕೆರೆಗೆ ಬರತೊಡಗಿದಳು.

ಮೊದಲ ದಿನ ನಾವು ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದೆವು. ಹುಡುಗಿ ಸುಮ್ಮನಿದ್ದಳು. ತೆಂಗಿನಕಾಯಿ ಒಡೆಯಲು ಹೋದಾಗ ಮಾತ್ರ ನೀರು ಸಿಡಿಯುತ್ತೆ ಎಂದು ಅಡ್ಡ ನಿಂತಳು. ಹೊಸಿಲ ಮೇಲೆ ಒಡೆದೆವು. ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಪಕ್ಕದ ಗ್ಯಾರೇಜಿನ ಸಾಹೇಬರ ಹೆಂಡತಿ. ನಾವೆಲ್ಲ ಅವರನ್ನು ಆಪಾ ಅನ್ನುತ್ತೇವೆ. ಮಿಷನ್ನಿನ ಕೆಲಸ ಅಂದ್ರೆ ನಮ್ಮನೇಗೂ ಸೇರಿದ್ದು ಎಂದು ಅವರೂ ಬಂದು ಕೂತರು. ಭಜನೆ ಮುಗಿದ ಕೂಡಲೇ ಅವರು ಒಳಗೆ, ಹುಡುಗಿ ಒಳಗೆ, ಪಾಠ ಶುರು.

ಎರಡನೇ ವಾರ ತಂಡದ ಮೇಷ್ಟ್ರು ಬಂದರು. ತೆಳ್ಳಗಿನ, ಒಳ್ಳೆಯ ಮನುಷ್ಯ. ವಿಶ್ವವಿದ್ಯಾಲಯದಲ್ಲಿ ದೊಡ್ಡವರಂತೆ. ನಮ್ಮ ಮುಂದೆ ಮಾತ್ರ ಅಳಿಯ ಮೊದಲ ಸಲ ಮಾವನ ಮನೆಗೆ ಬಂದ ಹಾಗೆ ಕುರ್ಚಿಯ ಅಂಚಿಗೆ ಕೂರುತ್ತಿದ್ದರು. ಒಬ್ಬೊಬ್ಬರಿಗೂ ಕಂಪ್ಯೂಟರಿನೊಳಗೆ ಒಂದೊಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಒಂದು ಗುಟ್ಟಿನ ಮಾತಿನ ಬೀಗ ಎಂದು ವಿವರಿಸಿದರು. ಹುಟ್ಟಿದ ದಿನ ಇಡಬಾರದು, ಫೋನ್ ನಂಬರ್ ಇಡಬಾರದು. ಮತ್ತೇನು ಇಡಬೇಕು ಎಂದು ನಾವು ಕೇಳಿದಾಗ ಬಹಳ ಯೋಚನೆ ಮಾಡಿ ಒಂದು ಸೂತ್ರ ಕೊಟ್ಟರು.

“ನಿಮ್ಮ ಬಾಯಿಂದ ಯಾವತ್ತೂ ಹೊರಗೆ ಬರದ ಮಾತು. ಆದ್ರೆ ಪ್ರಾಣ ಹೋದ್ರೂ ಮರೆಯದ ಮಾತು. ಅದನ್ನ ಬೀಗ ಮಾಡ್ಕೊಳ್ಳಿ.”

ಒಬ್ಬೊಬ್ಬರೇ ಎದ್ದು ಹೋಗಿ, ಸೆರಗು ಮರೆ ಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬಂದೆವು. ಯಾರೂ ತಡವರಿಸಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ಮೇಷ್ಟ್ರಿಗೆ ಆಶ್ಚರ್ಯ. ಕಾಲೇಜು ಹುಡುಗರು ಇದಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಾರೆ, ನೀವು ಕಣ್ಣುಮುಚ್ಚಿ ತೆರೆಯುವುದರಲ್ಲಿ ಮುಗಿಸಿದಿರಿ ಎಂದು ಹೊಗಳಿದರು. ನಾವು ತಲೆ ತಗ್ಗಿಸಿ ನಾಚಿಕೊಂಡೆವು. ನಾಚಿಕೆ ಯಾಕೆ ಬಂತು ಎಂದು ಅವರು ಕೇಳಬೇಕಿತ್ತು. ಕೇಳಲಿಲ್ಲ. ತಂಗಿಯೊಬ್ಬಳು ಪರದೆಯ ಮುಂದೆ ಕೂತು ಕೂತು, ಚಾವಣಿ ನೋಡಿ, ಉಗುರು ಕಚ್ಚಿ, ಕೊನೆಗೆ ಏನೋ ಒತ್ತಿ ಎದ್ದಳು. ಅಷ್ಟರಲ್ಲಿ ಅವಳ ಬಸ್ಸು ಹೋಗಿತ್ತು. ಎಷ್ಟಾದರೂ ಓದು ಕಡಿಮೆ, ನಿಧಾನ, ಎಂದು ನಾನು ಎಲ್ಲರ ಮುಂದೆ ಅಂದೆ.

ಆ ವರ್ಷ ತಂಡದವರು ಸುಮ್ಮನೆ ಕೂರಲಿಲ್ಲ. ಹೈಸ್ಕೂಲುಗಳಿಗೆ ಹೋದರು. ಬಸ್‌ಸ್ಟ್ಯಾಂಡಿನಲ್ಲಿ ಬೀಗದ ಚಿತ್ರದ ಪೋಸ್ಟರ್ ಅಂಟಿಸಿದರು. ಅದನ್ನು ನೋಡಿ ಇಬ್ಬರು ಮೂವರು ಬೀಗ ರಿಪೇರಿಗೆ ನಮ್ಮ ಮಾಳಿಗೆ ಹತ್ತಿ ಬಂದರು. ಶೇಂಗಾ ವ್ಯಾಪಾರಿಗಳಿಗೆ ಒಂದು ಸಭೆ ಮಾಡಿ, ನಿಮಗೆ ಪರದೇಶದ ಲಾಟರಿ ಬಂದಿದೆ ಎಂದು ಯಾರಾದರೂ ಬರೆದರೆ ನಂಬಬೇಡಿ ಎಂದರು. ನಮ್ಮ ಪೇಟೆಯವರು, ಲಾಟರಿ ಬಂದಿದೆ ಎಂದು ನೀವೇ ಮೊದಲು ಹೇಳುತ್ತಿರುವುದು, ಎಲ್ಲಿದೆ ಎಂದು ಹುಡುಗಿಯನ್ನೇ ಹಿಡಿದುಕೊಂಡರಂತೆ. ಅವಳು ಸಂಜೆ ಬಂದು ನಮ್ಮ ಜಗುಲಿಯ ಮೇಲೆ ಕುಸಿದು ಕೂರುತ್ತಿದ್ದಳು. ನಾನು ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದೆ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮಜ್ಜಿಗೆಗೆ ಒಂದು ದಿನವೂ ಕೊರತೆ ಆಗಲಿಲ್ಲ, ನೀರಿಗೆ ಆಯಿತು. ಯಾವುದು ಸಿಕ್ಕಿತೋ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಪೆಟ್ಟಿಗೆಗಳಲ್ಲಿ ನಾವು ಇಟ್ಟದ್ದೇನು ಅಂದರೆ, ನನ್ನದರಲ್ಲಿ ರಂಗೋಲಿ. ಒಂದು ನವಿಲು ಬರೆದಿದ್ದೆ, ತಂಗಿ ನೋಡಿ ಕೋಳಿ ಚೆನ್ನಾಗಿದೆ ಎಂದಳು. ಇನ್ನೊಬ್ಬರು ಹುಳಿಪುಡಿ ಮಾಡುವ ಕ್ರಮ ಇಟ್ಟರು, ಇನ್ನೊಬ್ಬರು ಭಜನೆಯ ಪದಗಳನ್ನು. ಆಪಾ ಶೀರ್‌ಕುರ್ಮಾ ಮಾಡುವುದನ್ನು ಕನ್ನಡದಲ್ಲಿ ಬರೆದಿಟ್ಟರು. ತಂಗಿ ಮಾತ್ರ ಅಂಚುಗಳನ್ನು ಬರೆದಳು. ಎತ್ತಿಟ್ಟ ಕೈ ಮತ್ತೆ ಓಡತೊಡಗಿತು. ತಟ್ಟೆಯಲ್ಲಿ ಅನ್ನ ಕಲಸುವಾಗಲೂ ಬೆರಳು ಅನ್ನದ ಮೇಲೆ ಏನೋ ಗೆರೆ ಎಳೆಯುತ್ತಿತ್ತು. ಆ ಕಂಪ್ಯೂಟರುಗಳು ಹೋದರೆ ಈ ಕೈ ಮತ್ತೆ ಅಕ್ಕಿಯ ಮೊರಕ್ಕೆ ಹೋಗುತ್ತದೆ, ಮತ್ತೆ ಮೇಲೇಳುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದನ್ನು ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಕಂಪನಿಯವರು ಮೊದಲ ಪರೀಕ್ಷೆ ಮಾಡಿದರು. ನಮಗೆ ಅದು ಪರೀಕ್ಷೆ ಎಂದು ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮ ಮನೆಗೆ ಫೋನು. ಮೇಲಿನ ಆಫೀಸಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಪೆಟ್ಟಿಗೆ ಕೆಟ್ಟಿದೆ, ರಿಪೇರಿ ಮಾಡಬೇಕು, ಗುಟ್ಟಿನ ಮಾತು ಹೇಳಿ ಅಂದರು. ಹೇಳೋ ಹಂಗಿಲ್ಲ ಎಂದೆ. ಯಾಕೆ ಎಂದರು. ನಮ್ಮಲ್ಲಿ ಹೇಳಲ್ಲ ಎಂದೆ. ಕಿವಿಯಲ್ಲಿ ಹೇಳಿ ಎಂದರು. ಫೋನು ಇರುವುದೇ ಕಿವಿಯಲ್ಲಿ, ಆದರೂ ಹೇಳಲಿಲ್ಲ. ನಮ್ಮ ಮಂಡಳಿಯ ಎಲ್ಲರಿಗೂ ಹೀಗೇ ಫೋನು ಬಂತು, ಎಲ್ಲರೂ ಇದೇ ಉತ್ತರ ಕೊಟ್ಟರು. ಆಪಾ ಮಾತ್ರ ಆ ಮನುಷ್ಯನಿಗೆ, ನಿಮ್ಮ ಮನೆ ಹೆಂಗಸರನ್ನು ಹೀಗೆ ಕೇಳುತ್ತೀರಾ ಎಂದು ಬೆವರಿಳಿಸಿದರಂತೆ. ಕಂಪನಿಯವರು ದಂಗಾದರು. ಬೆಂಗಳೂರಿನ ದೊಡ್ಡ ಆಫೀಸುಗಳಲ್ಲಿ ಕೇಳಿದರೆ ಅರ್ಧಕ್ಕರ್ಧ ಜನ ಹೇಳಿಬಿಡುತ್ತಾರೆ, ಚಳ್ಳಕೆರೆಯಲ್ಲಿ ಒಬ್ಬ ಹೆಂಗಸೂ ಬಾಯಿ ಬಿಡಲಿಲ್ಲವಲ್ಲ ಎಂದು. ಹುಡುಗಿ ಕುಣಿದಾಡಿದಳು. ನಾವು ಹೋಳಿಗೆ ಮಾಡಿದೆವು.

ಹೋಳಿಗೆಯ ರುಚಿ ಬಾಯಲ್ಲಿ ಇರುವಾಗಲೇ ಆಪಾ ಎಡವಿದರು. ದೊಡ್ಡ ಪರೀಕ್ಷೆಗೆ ಒಂದು ವಾರವಿತ್ತು. ಪೆಟ್ಟಿಗೆ ತೆರೆಯುವಾಗ ಮೇಲಿನ ಕಿಂಡಿಯಲ್ಲಿ ನಮ್ಮ ಹೆಸರು ಬರೆಯಬೇಕು, ಕೆಳಗಿನ ಕಿಂಡಿಯಲ್ಲಿ ಗುಟ್ಟಿನ ಮಾತು. ಕೆಳಗೆ ಬರೆದದ್ದು ಬರೀ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಆಪಾ ಮಾತಾಡುತ್ತಾ ಮಾತಾಡುತ್ತಾ ಗುಟ್ಟನ್ನು ಮೇಲಿನ ಕಿಂಡಿಯಲ್ಲೇ ಬರೆದುಬಿಟ್ಟರು. ದೊಡ್ಡ ದೊಡ್ಡ ಅಕ್ಷರ. ನಾವೆಲ್ಲ ಹಿಂದೆ ನಿಂತಿದ್ದೆವು. ಗ್ಯಾರೇಜಿನ ಬೋರ್ಡಿನ ಮೇಲೆ ದಿನಾ ಕಾಣುವ ಹೆಸರು ಅದು, ಸಾಹೇಬರದ್ದು.

ಆಪಾ ಸೆರಗಿನಿಂದ ಪರದೆ ಮುಚ್ಚಿದರು. ಎಲ್ಲರೂ ನಗಬೇಕಿತ್ತು. ಯಾರೂ ನಗಲಿಲ್ಲ. ನಾನು ಪಕ್ಕದವರ ಮುಖ ನೋಡಿದೆ, ಅವರು ಅವರ ಪಕ್ಕದವರ ಮುಖ ನೋಡಿದರು. ಬಾಯಿಂದ ಬರದ ಮಾತು, ಪ್ರಾಣ ಹೋದರೂ ಮರೆಯದ ಮಾತು. ಮೇಷ್ಟ್ರು ಹಾಗೆಂದರೆ ಗಂಡನ ಹೆಸರು ಬಿಟ್ಟು ಬೇರೇನು ಹೊಳೆಯಬೇಕು ನಮಗೆ? ಮೇಲಾಗಿ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ಬರುತ್ತಿದ್ದದ್ದೂ ಅದೊಂದೇ. ಗ್ಯಾಸಿನ ಚೀಟಿಯ ಮೇಲೆ, ಮಕ್ಕಳ ಅಂಕಪಟ್ಟಿಯ ಮೇಲೆ, ಮನೆಯ ಬಾಗಿಲ ಮೇಲೆ ನೋಡಿ ನೋಡಿ ಕಲಿತದ್ದು.

ಹುಡುಗಿಗೆ ವಿಷಯ ತಿಳಿದಾಗ ಅವಳು ಕನ್ನಡಕ ತೆಗೆದು ಒರೆಸಿದಳು. ಬೈಯಲಿಲ್ಲ. ಪರವಾಗಿಲ್ಲ ಆಂಟಿ, ಹಳೇದನ್ನ ಅಳಿಸಿ ಬೇರೆ ಇಟ್ಟುಬಿಡಿ, ಎರಡು ನಿಮಿಷದ ಕೆಲಸ ಎಂದಳು.

ಅಳಿಸಿ ಅಂದಳು. ಆ ಮಾತು ಕೇಳಿ ನಮ್ಮ ಕೈ ತಾನಾಗಿ ತಾಳಿಗೆ ಹೋಯಿತು. ಮಂಡಳಿಯ ಹಿರಿಯರು, ನಮಗೆಲ್ಲ ಆರತಿ ಹಾಡು ಕಲಿಸಿದವರು, ಮೆಲ್ಲಗೆ ಹೇಳಿದರು:

“ಗಂಡನ ಹೆಸ್ರು ಅಳ್ಸೋದಾ? ಅದೂ ಅಮ್ಮನ ಗುಡಿಯಾಗೆ ಕುಂತ್ಕೊಂಡು? ನನ್ ಕೈಲಾಗಲ್ಲ ಕಣವ್ವ.”

ಅವರ ಯಜಮಾನರಿಗೆ ಆಗಲೇ ರಕ್ತದೊತ್ತಡ ಇತ್ತು. ನಮ್ಮನೆಯವರಿಗೆ ಮಂಡಿ ನೋವು. ಒಬ್ಬೊಬ್ಬರಿಗೆ ಒಂದೊಂದು ಅಳುಕು. ಅಳಿಸಿದ ಮಾರನೇ ದಿನ ಮನೆಯಲ್ಲಿ ಯಾರಾದರೂ ಸೀನಿದರೂ ಅದು ಅಳಿಸಿದ್ದರಿಂದಲೇ ಎಂದಾಗುತ್ತದೆ. ಹುಡುಗಿ ಎಷ್ಟು ಹೇಳಿದರೂ ಒಬ್ಬರೂ ಏಳಲಿಲ್ಲ. ಆಪಾ ಕೂಡ ಕಿವಿ ಮುಟ್ಟಿಕೊಂಡು ತೌಬಾ ಎಂದರು. ನುಡಿಯುವಂತಿಲ್ಲ, ಅಳಿಸುವಂತಿಲ್ಲ. ಹೀಗೆ ನಮ್ಮ ಬೀಗ ನಮಗೇ ಬಿತ್ತು.

ನಾನು ಮನೆಗೆ ಬಂದು ನಮ್ಮನೆಯವರಿಗೆ ಹೇಳಬಾರದಿತ್ತು, ಹೇಳಿದೆ. ಅವರು ಊಟ ಬಿಟ್ಟು ನಕ್ಕರು.

“ಇಷ್ಟ್ ವರ್ಷ ನನ್ ಹೆಸ್ರು ಯಾವ ಬ್ಯಾಂಕ್ನಾಗೂ ಒಂದು ಬಾಗ್ಲು ತೆಗೀಲಿಲ್ಲ. ನಿನ್ ಪೆಟ್ಟಿಗೆ ಆದ್ರೂ ತೆಗೀತಲ್ಲ, ಸಾಕು ಬಿಡೇ.”

ತಂಗಿ ಅಂದು ಉಳಿದಿದ್ದಳು. ನಿಂದೂ ಅದೇನಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳು ಪಾತ್ರೆ ತೊಳೆದು ಮಲಗಿದಳು. ನಾನು ಹರಕೆ ಕಟ್ಟಿಕೊಂಡೆ. ಏನೆಂದು ಕಟ್ಟಿಕೊಳ್ಳಬೇಕೋ ಅದೇ ಕಷ್ಟವಾಯಿತು. ಅಮ್ಮಾ, ನನ್ನ ಗಂಡನ ಹೆಸರು ಯಾರಿಗೂ ಗೊತ್ತಾಗದಿರಲಿ ಎಂದರೆ ಅಮ್ಮನೇ ನಗುತ್ತಾಳೆ, ಬಾಗಿಲ ಮೇಲೆ ಬೋರ್ಡಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ವ್ಯಾನು ಬಂತು. ಕಂಪನಿಯಿಂದ ಒಬ್ಬ ತರುಣ, ಕಿವಿಗೆ ಏನೋ ಸಿಕ್ಕಿಸಿಕೊಂಡವನು. ಜೊತೆಗೆ ಮೇಷ್ಟ್ರು, ಮತ್ತೆ ಮೇಷ್ಟ್ರ ಹೆಂಡತಿ. ಆಕೆ ಏಳು ತಿಂಗಳ ಬಸುರಿ, ಅಮ್ಮನ ದರ್ಶನ ಮಾಡಿಕೊಂಡು ಹೋಗೋಣ ಎಂದು ಬಂದಿದ್ದಳು. ಮಧ್ಯಾಹ್ನದವರೆಗೆ ಆ ತರುಣ ತನ್ನ ಕಂಪ್ಯೂಟರನ್ನು ನಮ್ಮದಕ್ಕೆ ಜೋಡಿಸಿ ಟಕಟಕ ಒತ್ತಿದ. ಯಾವ ಪೆಟ್ಟಿಗೆಯೂ ತೆರೆಯಲಿಲ್ಲ. ಇಂಗ್ಲಿಷ್ ನಿಘಂಟಿನ ಪದಗಳನ್ನೆಲ್ಲ ಹಾಕಿ ನೋಡಿದನಂತೆ. ನಿಘಂಟಿನಲ್ಲಿ ನಮ್ಮನೆಯವರ ಹೆಸರು ಎಲ್ಲಿಂದ ಬರಬೇಕು? ನಮ್ಮ ಎದೆ ತಣ್ಣಗಾಯಿತು. ಸಂಜೆಯವರೆಗೆ ಹೀಗೇ ನಡೆದರೆ ಗೆದ್ದೆವು ಎಂದು ಹುಡುಗಿ ಕಣ್ಣಲ್ಲೇ ಹೇಳಿದಳು.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ಏಳು ತಿಂಗಳ ಬಸುರಿ ಗುಡಿಗೆ ಬಂದವಳನ್ನು ಬರಿ ಮಡಿಲಲ್ಲಿ ಕಳಿಸುವುದು ಹೇಗೆ? ಹಿರಿಯರು ಅವಳನ್ನು ಹಾಲಿನ ನಡುವೆ ಮಣೆಯ ಮೇಲೆ ಕೂರಿಸಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ವೀಳ್ಯದೆಲೆ ಬಂದವು. ಆ ಹೆಣ್ಣುಮಗಳ ಮುಖ ಅರಳಿದ್ದು ನೋಡಿ ನಾವು ಎಲ್ಲ ಮರೆತೆವು. ಮಡಿಲಕ್ಕಿ ಹಾಕುವವರು ಗಂಡನ ಹೆಸರನ್ನು ಒಡಪಿನ ಪ್ರಾಸದಲ್ಲಿ ಕಟ್ಟಿ ಹೇಳಿ ಹಾಕಬೇಕು. ಅದು ನಮ್ಮ ರೂಢಿ. ವರ್ಷವಿಡೀ ಬಾಯಲ್ಲಿ ಕಟ್ಟಿಟ್ಟ ಹೆಸರನ್ನು ಅಲ್ಲೊಂದು ಕಡೆ ಬಿಡಬಹುದು. ಬಿಡದಿದ್ದರೆ ಉಳಿದವರು ಬಿಡುವುದಿಲ್ಲ.

ಮೊದಲು ಹಿರಿಯರು ಹೇಳಿದರು. ಆಮೇಲೆ ನನ್ನನ್ನು ತಳ್ಳಿದರು. ನಾನೂ ಹೇಳಿದೆ:

“ಎಣ್ಣೆ ಮಿಲ್ಲಿನ ಅಂಗಳದಾಗೆ ಶೇಂಗಾ ಸದ್ದು ಜೋರು, ಬಿಸಿ ರೊಟ್ಟಿ ತಡ ಆದ್ರೆ ನಮ್ಮ...”

ಎಂದು ಅವರ ಹೆಸರು ಸೇರಿಸಿ, “ಅವ್ರಿಗೆ ಬೇಜಾರು” ಎಂದು ಮುಗಿಸಿದೆ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಇದು ಮಡಿಲು ತುಂಬುವ ಜಾಗವಲ್ಲ. ಅಂದು ಎಲ್ಲರೂ ಹೋ ಎಂದು ನಕ್ಕರು. ಒಬ್ಬರಾದ ಮೇಲೆ ಒಬ್ಬರು ಬಂದರು. ಆಪಾ ಉರ್ದುವಿನಲ್ಲಿ ಎರಡು ಸಾಲು ಕಟ್ಟಿ, ಸಾಹೇಬರ ಹೆಸರನ್ನು ಹಾಡಿನ ಹಾಗೆ ಎಳೆದು ಹೇಳಿ ಮುಖ ಮುಚ್ಚಿಕೊಂಡರು. ತಂಗಿಯೂ ಬಂದಳು. ಮಗ್ಗದ ಲಾಳಿ, ರೇಷ್ಮೆ ಎಳೆ ಎಂದು ಏನೋ ಚಂದವಾಗಿ ಕಟ್ಟಿ, ಸ್ವಲ್ಪವೂ ನಾಚದೆ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿ ಅಕ್ಕಿ ಸುರಿದಳು.

ಮೂಲೆಯಲ್ಲಿ ಆ ತರುಣ ಎಲೆಯ ಮುಂದೆ ಕೂತಿದ್ದ. ಪಾಯಸದ ದೊನ್ನೆ ಅವನ ಕೈಯಲ್ಲೇ ನಿಂತಿತ್ತು. ಅವನು ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದ್ದು ನನಗೆ ಕೇಳಿಸಿತು.

“ಇವರು ಬೇರೆ ದಿನ ಗಂಡನ ಹೆಸರು ಹೇಳೋದೇ ಇಲ್ವಾ?”

ಹುಡುಗಿ ಸಾರಿನ ಸೌಟು ಎತ್ತಿದಳು. ಸಾರು ಬೇಕಾ ಎಂದಳು. ಪಾಪ, ಎಷ್ಟು ಪ್ರಯತ್ನಪಟ್ಟಳು. ಅವನಿಗೆ ಸಾರು ಬೇಕಿರಲಿಲ್ಲ. ಫೋನಿನಲ್ಲಿ ನಾವು ಕೊಟ್ಟ ಉತ್ತರಗಳು ಅವನಿಗೆ ನೆನಪಿದ್ದವು. ಫೋನು ಮಾಡಿ ನಮ್ಮಲ್ಲಿ ಹೇಳಲ್ಲ ಎಂದು ಹೇಳಿಸಿಕೊಂಡವನು ಅವನೇ. ಕೈ ತೊಳೆದು ಬಂದು ಕೂತ.

ಮೊದಲು ತೆರೆದದ್ದು ಹಿರಿಯರ ಪೆಟ್ಟಿಗೆ. ಆಮೇಲೆ ನನ್ನದು. ನನ್ನ ನವಿಲು ಎಲ್ಲರ ಮುಂದೆ ಪರದೆಯ ತುಂಬ ನಿಂತಿತು. ಮೇಷ್ಟ್ರು ಸಮಾಧಾನಕ್ಕೆ, ಕೋಳಿ ಚೆನ್ನಾಗಿ ಬರೆದಿದ್ದೀರಿ ಎಂದರು. ಹುಳಿಪುಡಿ ಹೊರಗೆ ಬಂತು, ಭಜನೆ ಹೊರಗೆ ಬಂತು, ಶೀರ್‌ಕುರ್ಮಾ ಹೊರಗೆ ಬಂತು. ಹುಡುಗಿ ಗೋಡೆಗೆ ಒರಗಿ ನಿಂತುಬಿಟ್ಟಳು. ಅವಳ ಒಂದು ವರ್ಷದ ಕೆಲಸ ಒಂದೊಂದಾಗಿ ಬಾಯಿ ತೆರೆಯುತ್ತಿತ್ತು. ಮೇಷ್ಟ್ರು ಹೆಂಡತಿಯ ಮಡಿಲಲ್ಲಿದ್ದ ಅಕ್ಕಿಯನ್ನೇ ನೋಡುತ್ತಿದ್ದರು. ಇಷ್ಟೆಲ್ಲಕ್ಕೂ ಕಾರಣವಾದದ್ದು ಅವರ ಮಗುವಿಗೆ ನಾವು ಕೊಟ್ಟ ಹಾರೈಕೆಯಲ್ಲವೇ, ಬೈಯುವುದು ಯಾರನ್ನು?

ಕೊನೆಗೆ ಉಳಿದದ್ದು ತಂಗಿಯ ಪೆಟ್ಟಿಗೆ. ಅದು ತೆರೆದರೆ ಅಂಚುಗಳೆಲ್ಲ ಹೊರಗೆ, ಕಂಪ್ಯೂಟರುಗಳು ವ್ಯಾನಿಗೆ. ನಾನು ಕಣ್ಣು ಮುಚ್ಚಿದೆ. ಈ ಸಲ ಫೋಟೊಗಾಗಿ ಅಲ್ಲ. ತರುಣ ಅವಳ ಗಂಡನ ಹೆಸರು ಒತ್ತಿದ. ತೆರೆಯಲಿಲ್ಲ. ಒಂದು ಅಕ್ಷರ ಹೆಚ್ಚು ಹಾಕಿ ಒತ್ತಿದ, ಕಡಿಮೆ ಮಾಡಿ ಒತ್ತಿದ. ಮಾವನ ಹೆಸರು ಕೇಳಿಕೊಂಡು ಅದನ್ನು ಹಾಕಿದ. ಗುಡಿಯ ಅಮ್ಮನ ಹೆಸರು ಹಾಕಿದ. ಹೊತ್ತು ಇಳಿಯಿತು. ಕೊನೆಗೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, ಇದು ನನ್ನ ಕೈಲಿ ಆಗಲ್ಲ ಎಂದ. ನಾನು ಕಣ್ಣು ಬಿಟ್ಟಾಗ ತಂಗಿ ಗೋಡೆಯ ಪಕ್ಕ ಕೂತು, ಉಳಿದ ಮಡಿಲಕ್ಕಿಯನ್ನು ಮೊರದಲ್ಲಿ ಆರಿಸುತ್ತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ಮೇಷ್ಟ್ರೇ ಕೇಳಿದರು, ಎಲ್ಲರೂ ಅದನ್ನೇ ಇಟ್ಟರಲ್ಲಮ್ಮ, ನೀವು ಯಾಕೆ ಇಡಲಿಲ್ಲ ಎಂದು. ತಂಗಿ ಮೊರದಿಂದ ತಲೆ ಎತ್ತಿದಳು.

“ನೀವು ಯಾವತ್ತೂ ಹೇಳದೇ ಇರೋ ಮಾತು ಅಂದ್ರಲ್ಲ ಸಾರ್. ಗಂಡನ ಹೆಸ್ರು ಮಡ್ಲು ತುಂಬೋವಾಗ ಹೇಳ್ತೀವಲ್ಲ.”

ಅಷ್ಟೇ ಮಾತು. ಮೊದಲು ಆಪಾ ನಗಲು ಶುರು ಮಾಡಿದರು, ಆಮೇಲೆ ಹಿರಿಯರು, ಆಮೇಲೆ ಎಲ್ಲರೂ. ಕಂಪನಿಯ ತರುಣನೂ ನಕ್ಕ. ಅವಳ ಬಗ್ಗೆ ಓದು ಕಡಿಮೆ ನಿಧಾನ ಅಂದವಳು ನಾನು, ಆ ಮಾತನ್ನು ಅಂದು ಎಲ್ಲರೂ ನನಗೆ ಸರದಿಯ ಮೇಲೆ ನೆನಪಿಸಿದರು. ಇಂದಿಗೂ ನೆನಪಿಸುತ್ತಾರೆ.

ಬೆಂಗಳೂರಿಗೆ ಫೋನು ಹೋಯಿತು. ಮೇಷ್ಟ್ರು ಗುಡಿಯ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬಹಳ ಹೊತ್ತು ಮಾತಾಡಿದರು. ಚಿತ್ರಗಳು ಸಿಗಬಾರದು ಎಂಬುದು ಒಪ್ಪಂದ, ಚಿತ್ರ ಒಂದೂ ಸಿಗಲಿಲ್ಲ, ಸಿಕ್ಕಿದ್ದು ಹುಳಿಪುಡಿ ಎಂದು ಅವರು ವಾದಿಸುತ್ತಿದ್ದದ್ದು ನಮಗೆಲ್ಲ ಕೇಳುತ್ತಿತ್ತು. ನನ್ನ ನವಿಲನ್ನು ಚಿತ್ರ ಎಂದು ಲೆಕ್ಕಕ್ಕೆ ಹಿಡಿಯದಿದ್ದದ್ದೂ ಅಂದಿನ ಒಂದು ಕೃಪೆಯೇ. ವ್ಯಾನು ಕಂಪ್ಯೂಟರುಗಳನ್ನು ತುಂಬಿಕೊಂಡು ಹೊರಟಿತು, ಆದರೆ ಬೆಂಗಳೂರಿನ ದಾರಿಗಲ್ಲ, ಮೊಳಕಾಲ್ಮುರಿನ ದಾರಿಗೆ. ಮುಂದಿನ ಸೀಟಿನಲ್ಲಿ ತಂಗಿ ಕೂತಿದ್ದಳು. ನೇಕಾರರ ಓಣಿಯ ಕೋಣೆಯ ಬೀಗದ ಕೈ ಅಂದಿನಿಂದ ಅವಳ ಸೊಂಟದಲ್ಲಿದೆ.

ಕಂಪ್ಯೂಟರುಗಳು ವ್ಯಾನು ಹತ್ತುವ ಮುನ್ನ ಹುಡುಗಿ ನಮ್ಮ ಕಷ್ಟಕ್ಕೂ ಒಂದು ದಾರಿ ಹುಡುಕಿ ಕೊಟ್ಟಿದ್ದಳು. ಅಳಿಸುವುದು ಬೇಡ ಆಂಟಿ, ಇದ್ದದ್ದು ಇರಲಿ, ಹಿಂದೆ ಮುಂದೆ ಏನಾದರೂ ಸೇರಿಸಿ ಎಂದಳು. ಅದಾದರೆ ತಾಳಿಯ ಸರಕ್ಕೆ ಎರಡು ಗುಂಡು ಪೋಣಿಸಿದ ಹಾಗೆ. ಎಲ್ಲರಿಗೂ ಒಪ್ಪಿಗೆಯಾಯಿತು. ನಾನೂ ಸೇರಿಸಿದೆ. ಏನು ಸೇರಿಸಿದೆ ಎಂದು ನಮ್ಮನೆಯವರು ಇಂದಿಗೂ ಕೇಳುತ್ತಾರೆ. ಹೊಗಳಿಕೆಯೋ ಬೈಗುಳವೋ ಅಷ್ಟಾದರೂ ಹೇಳು ಎನ್ನುತ್ತಾರೆ. ರೊಟ್ಟಿ ತಡವಾದಾಗ ಮುಖ ಗಂಟು ಹಾಕುವುದನ್ನು ಆಗಿನಿಂದ ಸ್ವಲ್ಪ ಕಡಿಮೆ ಮಾಡಿದ್ದಾರೆ. ಅದೂ ಲೆಕ್ಕಕ್ಕೆ ಸೇರಲಿ.

ಮುಂದಿನ ಶ್ರಾವಣಕ್ಕೆ ತಂಗಿ ಒಂದು ಸೀರೆ ತಂದುಕೊಟ್ಟಳು. ಅಂಚಿನ ಉದ್ದಕ್ಕೂ ಒಂದು ಹಕ್ಕಿ. ನವಿಲಿನ ಗತ್ತು, ಕೋಳಿಯ ಮೈ. ನನ್ನ ರಂಗೋಲಿಯದೇ. ಗಡಿಯಾಚೆಯ ಯಾವ ಅಂಗಡಿಯಲ್ಲೂ ಅದು ನೇತಾಡಲಿಲ್ಲ. ಅದನ್ನು ಉಟ್ಟುಕೊಂಡು ಅಮ್ಮನ ಗುಡಿಗೆ ಹೋಗಿ ಹರಕೆ ತೀರಿಸಿ, ಅವಳನ್ನು ಬಸ್ಸು ಹತ್ತಿಸಲು ಬಸ್‌ಸ್ಟ್ಯಾಂಡಿಗೆ ಬಂದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವಳ ಹಾಲುಹಲ್ಲು ಬಿದ್ದದ್ದನ್ನು ಗೂಡಿನಲ್ಲಿ ಎತ್ತಿಟ್ಟವಳು ನಾನು. ನನಗಾದರೂ ಆ ಗುಟ್ಟಿನ ಮಾತು ಹೇಳೇ ಎಂದೆ.

ತಂಗಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನ್ನ ಸೆರಗು ಸರಿಮಾಡಿದಳು.

“ಸರಿ ಅಕ್ಕಾ, ಹೇಳ್ತೀನಿ. ನೀನು ಮೊದ್ಲು ಭಾವನ ಹೆಸ್ರು ಹೇಳು, ಒಡಪು ಇಲ್ದಂಗೆ.”

ಕಂಡಕ್ಟರು ಸೀಟಿ ಊದಿದ. ನಾನು ಬಾಯಿ ತೆರೆದೆ, ಹಾಗೇ ಮುಚ್ಚಿದೆ. ಬಸ್ಸು ಹೊರಟಿತು. ಕಿಟಕಿಯಲ್ಲಿ ಅವಳು ನಗುತ್ತಿದ್ದಳು, ಬೆರಳು ಮಸುಕಾದ ಗಾಜಿನ ಮೇಲೆ ಯಾವುದೋ ಅಂಚಿನ ಗೆರೆ ಎಳೆಯುತ್ತಿತ್ತು.